ಫೇಲಾದವರು ಯಾರು?

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12. ಕಲಬುರಗಿ ಶೇ. 42.43. ಪಟ್ಟಿ ಹೊರಬಿದ್ದರೆ ಸಾಕು, ಉಳ್ಳವರ ಬಾಯಲ್ಲಿ ಅದೇ ಹಳೇ ಮಾತು: ‘ಆ ಕಡೆ ಹುಡುಗರ ತಲೆ ಅಷ್ಟೇ ಕಣ್ರೀ.’ ಗೆಳೆಯರೇ, ನಾವು ಇದನ್ನು ಒಪ್ಪುವುದಿಲ್ಲ. ಹುಟ್ಟಿನಿಂದ ಬುದ್ಧಿ ಅಳೆದ ಮನುವೇ ಈಗ ಅಂಕಪಟ್ಟಿ ಹಿಡಿದು ಬಂದಿದ್ದಾನೆ.

ಚರಿತ್ರೆ ನೋಡಿ. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಕುದ್ಮುಲ್ ರಂಗರಾವ್ ಅಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಕಲಬುರಗಿಯಲ್ಲಿ 1948ರವರೆಗೆ ನಿಜಾಮನ ಆಳ್ವಿಕೆ. ಕನ್ನಡದ ಮಗುವಿಗೆ ಹೈಸ್ಕೂಲು ಪಾಠ ಉರ್ದುವಿನಲ್ಲಿ. ಒಬ್ಬ ನೂರು ಮಾರು ಮುಂದೆ ನಿಂತು ಓಡಿದ, ಇನ್ನೊಬ್ಬನ ಕಾಲಿಗೆ ಕಲ್ಲು ಕಟ್ಟಿತ್ತು. ಇದನ್ನು ಪ್ರತಿಭೆ ಅಂತ ಕರೆಯಬೇಕೇ?

ಇವತ್ತಿನ ಕಥೆಯೂ ಬೇರೆ ಅಲ್ಲ. ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಗುಳೆ ಹೊರಟರೆ ಹುಡುಗನೂ ಗಂಟು ಹೊರುತ್ತಾನೆ. ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿ ಹೊಲದಲ್ಲಿ. ಶಾಲೆಯಲ್ಲಿ ಉಳಿದವರಿಗೆ ಗಣಿತದ ಮೇಷ್ಟ್ರಿಲ್ಲ. ಅತಿಥಿ ಶಿಕ್ಷಕ ತಡವಾಗಿ ಬರುತ್ತಾನೆ, ಅವನ ಸಂಬಳ ಇನ್ನೂ ತಡ. ಪಟ್ಟಣದಲ್ಲಿ ದುಡ್ಡಿದ್ದವನ ಮಗ ಬೆಳಿಗ್ಗೆ ಒಂದು ಟ್ಯೂಷನ್ನು, ಸಂಜೆ ಒಂದು ಟ್ಯೂಷನ್ನು. ಅದೇ ಪಟ್ಟಣದ ಕೊಳೆಗೇರಿ ಹುಡುಗ ಸಂಜೆ ಗ್ಯಾರೇಜಿನಲ್ಲಿ. ಹಳ್ಳಿಗೂ ಪಟ್ಟಣಕ್ಕೂ ನಡುವೆ ಒಂದು ಗೆರೆ ಇದೆ ನಿಜ. ಕೇರಿಗೂ ಬಂಗಲೆಗೂ ನಡುವಿನ ಗೆರೆ ಅದಕ್ಕಿಂತ ಆಳ.

2024ರಲ್ಲಿ ಸರ್ಕಾರ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟಿತು. ಹಿಂದಿನ ವರ್ಷ ಶೇ. 83.89 ಇದ್ದದ್ದು, ಕೃಪಾಂಕ ಹೆಚ್ಚು ಕೊಟ್ಟರೂ ಶೇ. 73.40ಕ್ಕೆ ಇಳಿಯಿತು. ನಾವು ನಕಲಿನ ಪರ ಇಲ್ಲ. ಆದರೆ ಕೇಳುತ್ತೇವೆ: ಮೂರು ಗಂಟೆಯ ಪರೀಕ್ಷೆ ಕಾಯಲು ಕಣ್ಣಿದೆ, ವರ್ಷವೆಲ್ಲ ಖಾಲಿ ಬಿದ್ದ ಮೇಷ್ಟ್ರ ಕುರ್ಚಿ ನೋಡಲು ಕಣ್ಣಿಲ್ಲವೇ?

2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಗೇ ಕೈಬಿಡುತ್ತದೆ. ಬಡವರ ಮಗುವಿಗೆ ದುಡಿಮೆಯ ಕರೆ ಬರುವುದು ಆ ವಯಸ್ಸಿಗೇ.

ನಮ್ಮ ಬೇಡಿಕೆ ಮೂರು. ಹಕ್ಕು ಹತ್ತನೇ ತರಗತಿವರೆಗೂ ಬರಲಿ. ಗುಳೆ ಹೋಗುವವರ ಮಕ್ಕಳಿಗೆ ಊರ ಹತ್ತಿರವೇ ಹಾಸ್ಟೆಲ್ ಬೇಕು. ಫಲಿತಾಂಶದ ಪಕ್ಕದಲ್ಲೇ ಪ್ರತಿ ಶಾಲೆಯ ಖಾಲಿ ಹುದ್ದೆಗಳ ಲೆಕ್ಕ ಅಚ್ಚಾಗಲಿ.

ಹಳ್ಳಿಯ ಮೇಷ್ಟ್ರುಗಳೇ, ಫಲಿತಾಂಶ ಕಡಿಮೆಯಾಯಿತೆಂದು ನೋಟೀಸು ಬಂದರೆ ತಲೆ ತಗ್ಗಿಸಬೇಡಿ. ಎಷ್ಟು ತಿಂಗಳು ಯಾವ ಪಾಠಕ್ಕೆ ಯಾರೂ ಇರಲಿಲ್ಲ ಎಂದು ಬರೆದು ಅದೇ ವಿಳಾಸಕ್ಕೆ ಕಳಿಸಿ. ವಿದ್ಯಾರ್ಥಿ ಗೆಳೆಯರೇ, ಫೇಲಾದ ತಮ್ಮ ತಂಗಿಯರ ಮನೆಗೆ ಹೋಗಿ. ಅವರು ಗಂಟು ಕಟ್ಟುವ ಮೊದಲೇ ಎರಡನೇ ಪರೀಕ್ಷೆಯ ಫಾರಂ ತುಂಬಿಸಿ, ಜೊತೆಯಲ್ಲಿ ಕೂತು ಪಾಠ ಹೇಳಿ.