ನಲವತ್ತು ಲಿಕ್ ಬೇಡ, ನಾಲ್ಕು ಸಾಕು

'ಹಾಡುತ್ತಾ ಹಾಡುತ್ತಾ ರಾಗ' ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಗಾದೆ ಸುಳ್ಳಲ್ಲ. ಆದರೆ ತಾನು ಏನು ಹಾಡುತ್ತಿದ್ದೇನೆ ಎಂದು ಕಿವಿಗೊಟ್ಟು ಕೇಳದವನಿಗೆ ವರ್ಷಗಟ್ಟಲೆ ಹಾಡಿದರೂ ರಾಗ ಒಲಿಯುವುದಿಲ್ಲ. ನಮ್ಮ ಶಾಲೆಯ ಅನೇಕ ಮಕ್ಕಳು ಇಷ್ಟಪಟ್ಟು ಕಲಿಯುತ್ತಿರುವ ಲೀಡ್ ಗಿಟಾರಿಗೂ ಈ ಮಾತು ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದು ನನಗೆ ಹೊಳೆದದ್ದು ನಮ್ಮ ಮನೆಯಲ್ಲೇ. ನನ್ನ ಮಗ ಒಂದು ವರ್ಷ ಮೊಬೈಲಿನಲ್ಲಿ ಪಾಠಗಳನ್ನು ನೋಡಿ ನಲವತ್ತು ಬ್ಲೂಸ್ ಲಿಕ್ಕುಗಳನ್ನು ಕಲಿತಿದ್ದ. ರಾತ್ರಿ ಊಟಕ್ಕೆ ಕುಳಿತಾಗ 'ಇವತ್ತು ಎಷ್ಟು ಕಲಿತೆ?' ಎಂದು ನಾನೂ ಕೇಳುತ್ತಿದ್ದೆ. ಯುಗಾದಿಯ ದಿನ ಸ್ನೇಹಿತರ ಮನೆಯಲ್ಲಿ ಸೇರಿದ್ದಾಗ ಒಬ್ಬ ಹುಡುಗ ನಿಧಾನವಾಗಿ ಕಾರ್ಡ್‌ಗಳನ್ನು ನುಡಿಸುತ್ತಾ 'ನೀನು ಲೀಡ್ ನುಡಿಸು' ಎಂದ. ನಮ್ಮವನು ಎರಡೇ ನಿಮಿಷದಲ್ಲಿ ಇದ್ದಬದ್ದ ಲಿಕ್ಕುಗಳನ್ನೆಲ್ಲ ಸುರಿದುಬಿಟ್ಟ. ಆಮೇಲೆ ಮೊದಲನೆಯದರಿಂದ ಮತ್ತೆ ಶುರು ಮಾಡಿ, ನಡುವೆಯೇ ನಿಲ್ಲಿಸಿದ. ಮನೆಗೆ ಬರುವಾಗ ಕಾರಿನಲ್ಲಿ, 'ಅಪ್ಪಾ, ನಂಗೆ ಎಲ್ಲಾ ಬರುತ್ತೆ, ಆದ್ರೆ ನುಡಿಸೋಕೆ ಬರಲ್ಲ' ಎಂದ. ಮೂರು ತಿಂಗಳು ಗಿಟಾರ್ ಚೀಲದಿಂದ ಹೊರಗೆ ಬರಲಿಲ್ಲ. ತಪ್ಪು ಅವನೊಬ್ಬನದೇ ಅಲ್ಲ, ಲೆಕ್ಕ ಕೇಳಿದ ನನ್ನದೂ ಹೌದು.

ಲಿಕ್ ಎಂದರೇನೆಂದು ಪೋಷಕರು ಕೇಳಬಹುದು. ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯುವ ಒಂದು ಸಣ್ಣ ಸ್ವರಗುಚ್ಛವೇ ಲಿಕ್. ನಮ್ಮ ಸಂಗೀತದಲ್ಲಿ ರಾಗಕ್ಕೆ ಅದರದೇ ಆದ ಸಂಚಾರಗಳಿರುವಂತೆ ಬ್ಲೂಸ್‌ಗೆ ಲಿಕ್ಕುಗಳಿವೆ. ಅದು ಪದವೂ ಅಲ್ಲ, ಇಡೀ ವಾಕ್ಯವೂ ಅಲ್ಲ. 'ಅದಿರಲಿ', 'ನೋಡಿ ಮತ್ತೆ' ಎಂದು ನಾವು ಮಾತಿನ ನಡುವೆ ಸೇರಿಸುತ್ತೇವಲ್ಲ, ಅಂಥ ನುಡಿಗಟ್ಟು. ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಮಾತು ಬರುವುದಿಲ್ಲ.

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದರೂ ಬಡತನದಿಂದ ಬಿಡುಗಡೆಯಾಗದ ಕಪ್ಪು ಜನರ ನಡುವೆ. ಹತ್ತಿ ಹೊಲದಲ್ಲಿ ಒಬ್ಬರು ಕೂಗಿ ಹಾಡಿದರೆ ಉಳಿದವರು ದನಿಗೂಡಿಸಿ ಉತ್ತರ ಕೊಡುತ್ತಿದ್ದರು. ಈ ಸವಾಲು ಜವಾಬು ಇಂದಿಗೂ ಬ್ಲೂಸ್‌ನ ಬೆನ್ನೆಲುಬು. ಗಾಯಕ ಒಂದು ಸಾಲು ಹಾಡುತ್ತಾನೆ, ಗಿಟಾರ್ ಅದಕ್ಕೆ ಉತ್ತರ ಹೇಳುತ್ತದೆ. 1925ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಬಿ. ಬಿ. ಕಿಂಗ್ ಹಾಡುವಾಗ ಸಾಮಾನ್ಯವಾಗಿ ಗಿಟಾರ್ ನುಡಿಸುತ್ತಲೇ ಇರಲಿಲ್ಲ. ಸಾಲು ಮುಗಿದ ಮೇಲೆ ಅವರ 'ಲುಸಿಲ್' ಮಾತಾಡುತ್ತಿತ್ತು. ಗಿಟಾರಿಗೆ ಅವರು ಇಟ್ಟಿದ್ದ ಹೆಸರದು. ಯಾರೂ ಏನೂ ಹೇಳದಿರುವಾಗ ಒಂದೇ ಸಮನೆ ಉತ್ತರ ಕೊಡುತ್ತಾ ಹೋದರೆ ಹೇಗಿರುತ್ತದೆ? ಯುಗಾದಿಯ ದಿನ ನಮ್ಮ ಮನೆಯ ಹುಡುಗ ಮಾಡಿದ್ದು ಅದನ್ನೇ.

ಹಾಗಾದರೆ ಬೇರೆಯವರ ಲಿಕ್ ಕಲಿಯುವುದೇ ತಪ್ಪೇ? ಸ್ವಂತಿಕೆ ಬೇಡವೇ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಅನುಕರಣೆಯಿಲ್ಲದೆ ಯಾವ ಮಗುವೂ ಮಾತು ಕಲಿತಿಲ್ಲ. ಆಲ್ಬರ್ಟ್ ಕಿಂಗ್ ಎಂಬ ಮಹಾನ್ ವಾದಕ ಎಡಗೈಯವರು. ಬಲಗೈಯವರ ಗಿಟಾರನ್ನು ತಲೆಕೆಳಗಾಗಿ ಹಿಡಿದು, ತಂತಿಯನ್ನು ಕೆಳಕ್ಕೆ ಎಳೆದು ನುಡಿಸುತ್ತಿದ್ದರು. ಅವರ ಲಿಕ್ಕುಗಳನ್ನು ಟೆಕ್ಸಾಸಿನ ಸ್ಟೀವಿ ರೇ ವಾನ್ ಶ್ರದ್ಧೆಯಿಂದ ಕಲಿತು, 1983ರಲ್ಲಿ ಬಿಡುಗಡೆಯಾದ ಡೇವಿಡ್ ಬೋವಿಯವರ 'ಲೆಟ್ಸ್ ಡ್ಯಾನ್ಸ್' ಹಾಡಿನಲ್ಲಿ ನುಡಿಸಿದರು. ಅದು ಕುಣಿತದ ಹಾಡು, ಬ್ಲೂಸ್ ಅಲ್ಲ. ಆದರೂ ಆ ಲಿಕ್ಕುಗಳು ಅಲ್ಲಿ ಚೆನ್ನಾಗಿ ಹೊಂದಿಕೊಂಡವು. ಅದೇ ವರ್ಷ ಡಿಸೆಂಬರಿನಲ್ಲಿ ಗುರು ಶಿಷ್ಯರಿಬ್ಬರೂ ಕೆನಡಾದ ಒಂದು ದೂರದರ್ಶನ ಕಾರ್ಯಕ್ರಮದಲ್ಲಿ ಒಟ್ಟಿಗೆ ನುಡಿಸಿದರು. ನಕಲು ಮಾಡುವುದು ತಪ್ಪಲ್ಲ, ನಕಲಿನಲ್ಲೇ ನಿಂತುಬಿಡುವುದು ತಪ್ಪು.

ಇನ್ನೊಂದು ತೊಡಕು ನಾವು ಕಲಿಯುವ ಬಗೆಯಲ್ಲಿದೆ. ಟ್ಯಾಬ್ ನೋಡಿದರೆ ಯಾವ ತಂತಿ, ಯಾವ ಫ್ರೆಟ್ ಎಂದು ತಿಳಿಯುತ್ತದೆ. ಆದರೆ ಬ್ಲೂಸ್ ಇರುವುದು ಎರಡು ಫ್ರೆಟ್‌ಗಳ ನಡುವೆ. ಎ ಮೈನರ್ ಪೆಂಟಟಾನಿಕ್ ಸ್ಕೇಲಿನ ಎ, ಸಿ, ಡಿ, ಇ, ಜಿ ಎಂಬ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯ ಸ ಗ ಮ ಪ ನಿ ಗಳೇ. ಹಾಗೆಂದು ಬ್ಲೂಸ್ ಶುದ್ಧ ಧನ್ಯಾಸಿಯಾಗುವುದಿಲ್ಲ. ಬ್ಲೂಸ್ ವಾದಕ ಸಿ ಸ್ವರವನ್ನು ಒಂಚೂರು ಮೇಲಕ್ಕೆಳೆದು, ಸಿ ಶಾರ್ಪ್ ತಲುಪುವ ಮೊದಲೇ ನಿಲ್ಲಿಸುತ್ತಾನೆ. ಆ 'ಒಂಚೂರು' ಎಷ್ಟೆಂದು ಕಿವಿಯೇ ಹೇಳಬೇಕು. ಸಂಗೀತದ ತರಗತಿಗೆ ಹೋಗುವ ಮಕ್ಕಳಿಗೆ ಇದು ಬೇಗ ಅರ್ಥವಾದೀತು, ಏಕೆಂದರೆ ಗಮಕವನ್ನೂ ಪುಸ್ತಕ ನೋಡಿ ಕಲಿಯಲಾಗುವುದಿಲ್ಲ.

ಆದ್ದರಿಂದ ಗಿಟಾರ್ ಕಲಿಯುತ್ತಿರುವ ಮಕ್ಕಳೇ, ಒಂದು ಲಿಕ್ಕನ್ನು ಹೀಗೆ ಕಲಿತು ನೋಡಿ. ಮೂರನೆಯ ತಂತಿಯ ಐದನೆಯ ಫ್ರೆಟ್ ನುಡಿಸಿ, ಕೂಡಲೇ ಆರನೆಯ ಫ್ರೆಟ್ ಮೇಲೆ ಬೆರಳು ಬಡಿಯಿರಿ. ಆಮೇಲೆ ಎರಡನೆಯ ತಂತಿಯ ಐದನೆಯ ಫ್ರೆಟ್, ಕೊನೆಗೆ ಮೊದಲನೆಯ ತಂತಿಯ ಐದನೆಯ ಫ್ರೆಟ್. ಅಂದರೆ ಸಿ ಇಂದ ಸಿ ಶಾರ್ಪ್, ಇ, ಎ. ಇಷ್ಟೇ. ಮೊದಲು ಇದನ್ನು ಬಾಯಲ್ಲಿ ಹಾಡಿ. ಹಾಡಲು ಬಾರದ್ದು ಬೆರಳಿಗೆ ಬಂದರೂ ಉಪಯೋಗವಿಲ್ಲ.

ಆಮೇಲೆ ಇದನ್ನು ಹನ್ನೆರಡು ಬಾರ್‌ಗಳ ಬ್ಲೂಸ್‌ನಲ್ಲಿ ಬಳಸಿ. ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ. ಮೊದಲ ನಾಲ್ಕು ಬಾರ್ ಎ ಕಾರ್ಡ್, ಮುಂದಿನ ಎರಡು ಡಿ, ಮತ್ತೆರಡು ಎ, ಒಂಬತ್ತನೆಯದು ಇ, ಹತ್ತನೆಯದು ಡಿ, ಕೊನೆಯ ಎರಡು ಎ. ಎ ಕಾರ್ಡಿನ ಮೇಲೆ ನಮ್ಮ ಲಿಕ್ ಸಲೀಸಾಗಿ ಕೂರುತ್ತದೆ. ಡಿ ಸೆವೆಂತ್ ಬಂದಾಗ ಅದನ್ನೇ ನುಡಿಸಿದರೆ ಆ ಸಿ ಶಾರ್ಪ್ ಕಿವಿಗೆ ಚುಚ್ಚುತ್ತದೆ, ಏಕೆಂದರೆ ಆ ಕಾರ್ಡಿನಲ್ಲಿರುವುದು ಸಿ. ಅಲ್ಲಿ ಬೆರಳು ಬಡಿಯದೆ ಸಿ ಯಲ್ಲೇ ನಿಂತುಬಿಡಿ. ಒಂದು ಬೆರಳಿನ ವ್ಯತ್ಯಾಸದಿಂದ ಅದೇ ಲಿಕ್ ಹೊಸ ಅರ್ಥ ಕೊಡುತ್ತದೆ. ಮುಂದೆ ಅದನ್ನು ಒಂದು ಎಣಿಕೆ ತಡವಾಗಿ ಆರಂಭಿಸಿ. ಕೊನೆಯ ಸ್ವರವನ್ನು ಬದಲಿಸಿ. ಎರಡು ಬಾರ್ ನುಡಿಸಿ ಎರಡು ಬಾರ್ ಸುಮ್ಮನಿರಿ. ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಪಾಠ. ಒಂದು ವಾರವಿಡೀ ಈ ಒಂದೇ ಲಿಕ್ ಸಾಕು. ತಿಂಗಳಿಗೆ ನಾಲ್ಕಾಗುತ್ತವೆ. ಅವು ನಿಮ್ಮವಾಗುತ್ತವೆ.

'ಇದು ತುಂಬಾ ನಿಧಾನ, ಪರೀಕ್ಷೆ ಟ್ಯೂಷನ್‌ಗಳ ನಡುವೆ ಮಕ್ಕಳಿಗೆ ಅಷ್ಟು ಸಮಯವೆಲ್ಲಿದೆ?' ಎಂದು ಪೋಷಕರು ಕೇಳಬಹುದು. ಸಮಯ ಕಡಿಮೆ ಇರುವುದರಿಂದಲೇ ಹೀಗೆ ಕಲಿಯಬೇಕು ಎನ್ನುತ್ತೇನೆ. ದಿನಕ್ಕೆ ಹದಿನೈದು ನಿಮಿಷ ಒಂದೇ ಲಿಕ್ಕಿನ ಜೊತೆ ಕಳೆದವನಿಗೆ ಮಾತು ಬರುತ್ತದೆ. ಅದೇ ಹದಿನೈದು ನಿಮಿಷದಲ್ಲಿ ಮೂರು ಹೊಸ ಲಿಕ್ ನೋಡಿದವನಿಗೆ ನೆನಪಿನ ಭಾರ ಮಾತ್ರ ಉಳಿಯುತ್ತದೆ.

ಹೊರನಾಡಿನಲ್ಲಿರುವ ನಮಗೆ ಇದು ಹೊಸ ವಿಷಯವೇನಲ್ಲ. ನಮ್ಮ ಮಕ್ಕಳು ಕನ್ನಡ ಪದಗಳ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಊರಿನಿಂದ ಅಜ್ಜಿ ಫೋನ್ ಮಾಡಿದಾಗ ಮಾತ್ರ 'ಚೆನ್ನಾಗಿದ್ದೀನಿ ಅಜ್ಜಿ' ಎಂದು ಹೇಳಿ ಫೋನನ್ನು ಅಮ್ಮನ ಕೈಗೆ ಕೊಡುತ್ತಾರೆ. ಪದಗಳ ಕೊರತೆ ಅವರಿಗಿಲ್ಲ. ಇರುವ ಪದಗಳನ್ನು ಹೊರಳಿಸಿ ಬಳಸುವ ಅಭ್ಯಾಸವನ್ನು ನಾವು ಮಾಡಿಸಿಲ್ಲ, ಅಷ್ಟೇ.

ನನ್ನ ಮಗ ಈಗ ಮತ್ತೆ ನುಡಿಸುತ್ತಿದ್ದಾನೆ. ಕೆಲವೊಮ್ಮೆ ನಾನು ಚಾಪೆಯ ಮೇಲೆ ಕುಳಿತು ಕೈಯಲ್ಲಿ ನಾಲ್ಕು ಎಣಿಕೆ ಹಾಕುತ್ತೇನೆ. ಅವನು ಎರಡು ಬಾರ್ ನುಡಿಸಿ ನಿಲ್ಲಿಸುತ್ತಾನೆ, ನನಗೆ ತೋಚಿದ್ದನ್ನು ನಾನು ಗುನುಗುತ್ತೇನೆ, ಅವನು ಅದಕ್ಕೆ ಉತ್ತರ ಕೊಡುತ್ತಾನೆ. ನನ್ನ ಶ್ರುತಿ ತಪ್ಪಿದಾಗ ನಗುತ್ತಾನೆ. ಎಷ್ಟು ಕಲಿತೆ ಎಂದು ನಾನೀಗ ಕೇಳುವುದಿಲ್ಲ. ಪೋಷಕರಲ್ಲಿ ನನ್ನ ವಿನಂತಿಯೂ ಇಷ್ಟೇ: ಎಷ್ಟು ಕಲಿತೆ ಎಂದು ಕೇಳುವುದನ್ನು ಬಿಟ್ಟು, ಹತ್ತು ನಿಮಿಷ ಕುಳಿತು ಕೇಳಿಸಿಕೊಳ್ಳಿ.