ಹತ್ತು ಸಾವಿರಕ್ಕೇ ನಿಲ್ಲಿಸಿದ್ದರೆ ತಪ್ಪು ಉತ್ತರ ಸಿಗುತ್ತಿತ್ತು

ಸಂಶೋಧನೆಯ ಚರ್ಚೆ ಎದ್ದಾಗಲೆಲ್ಲ 0.64 ಎಂಬ ಅಂಕಿ ಹಾಜರಾಗುತ್ತದೆ. ಜಿಡಿಪಿಯ ಶೇ 0.64ರಷ್ಟನ್ನು ಮಾತ್ರ ಸಂಶೋಧನೆಗೆ ಖರ್ಚು ಮಾಡುವ ದೇಶ ನಮ್ಮದು ಎಂದು ಒಬ್ಬರು ಹಲುಬುತ್ತಾರೆ. ಒಂದು ಲಕ್ಷ ಕೋಟಿ ರೂಪಾಯಿಯ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ) ನಿಧಿ ಬಂತಲ್ಲ, ಇನ್ನೇನು ಬೇಕು ಎಂದು ಇನ್ನೊಬ್ಬರು ಬಾಯಿ ಮುಚ್ಚಿಸುತ್ತಾರೆ. ಇಬ್ಬರ ಕಣ್ಣೂ ಮೊತ್ತದ ಮೇಲೆ. ಅವಧಿಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮೂರು ವರ್ಷದ ಅನುದಾನ ಎಂಬ ರೂಢಿಯನ್ನು ಮುಟ್ಟದೆ ಎಷ್ಟು ಲಕ್ಷ ಕೋಟಿ ಸುರಿದರೂ ಮೂಲವಿಜ್ಞಾನದ ಒಂದು ಬಗೆಯ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಗದು. ಸಿಕ್ಕರೆ ತಪ್ಪು ಉತ್ತರ ಸಿಗುತ್ತದೆ.

ಕೊನೆಯ ಮಾತನ್ನು ಸಿಟ್ಟಿನ ಭರದಲ್ಲಿ ಆಡಿದ್ದಲ್ಲ. ಅದಕ್ಕೆ ದಾಖಲೆ ಇದೆ. ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ ವಿಕಾಸವನ್ನು ಅಳೆಯಲು ಹೂಡಿದ ಬ್ಯಾಕ್ಟೀರಿಯಾ ಪ್ರಯೋಗವನ್ನು ನೋಡಿ. ಅದರ ಕಥೆ ಎಲ್ಲರಿಗೂ ಗೊತ್ತು, ಆದರೆ ಎಲ್ಲರೂ ಹೇಳುವುದು ಅದರ ಕೊನೆಯ ಭಾಗವನ್ನು. 1988ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಹನ್ನೆರಡು ಫ್ಲಾಸ್ಕ್‌ಗಳಲ್ಲಿ ಇ. ಕೋಲಿ ಹಾಕಿ ಶುರುವಾದದ್ದು, ಮಿಷಿಗನ್‌ಗೆ ಹೋದದ್ದು, 31,500ನೇ ತಲೆಮಾರಿನ ಹೊತ್ತಿಗೆ ಒಂದು ಫ್ಲಾಸ್ಕ್‌ನ ಬ್ಯಾಕ್ಟೀರಿಯಾ ಆಮ್ಲಜನಕ ಇರುವಾಗಲೂ ಸಿಟ್ರೇಟ್ ತಿನ್ನಲು ಕಲಿತದ್ದು. ಇ. ಕೋಲಿಗೆ ಆಗದ ಕೆಲಸ ಎಂದೇ ಪುಸ್ತಕಗಳು ಹೇಳುತ್ತಿದ್ದ ಕೆಲಸ ಅದು. 2003ರಲ್ಲಿ ಆ ಫ್ಲಾಸ್ಕ್ ಬಗ್ಗಡವಾದಾಗ ಹೊರಗಿನ ಯಾವುದೋ ಸೂಕ್ಷ್ಮಾಣು ಸೇರಿಕೊಂಡಿದೆಯೆಂದೇ ಪ್ರಯೋಗಾಲಯದವರು ಮೊದಲು ಅನುಮಾನಿಸಿದ್ದರು. ಚೆಂದದ ಕಥೆ. ತಾಳ್ಮೆಯ ಮಹಿಮೆ ಹಾಡುವ ಭಾಷಣಗಳಿಗೆ ಹೇಳಿಮಾಡಿಸಿದಂತಿದೆ. ಅನುದಾನದ ವಾದಕ್ಕೆ ಮಾತ್ರ ಅದು ದುರ್ಬಲ ಸಾಕ್ಷಿ. 'ಹದಿನೈದು ವರ್ಷ ಕಾದರೆ ಲಾಟರಿ ಹೊಡೆಯಬಹುದು' ಎಂದು ಹೇಳಿ ಯಾವ ಹಣಕಾಸು ಕಾರ್ಯದರ್ಶಿಯನ್ನೂ ಒಪ್ಪಿಸಲಾಗದು. ಒಪ್ಪಬೇಕಾದ್ದೂ ಇಲ್ಲ.

ಗಮನಿಸಬೇಕಾದ ಅಂಕಿ 31,500 ಅಲ್ಲ, 10,000.

ಲೆಕ್ಕ ಸರಳ. ಪ್ರತಿದಿನ ಪ್ರತಿ ಫ್ಲಾಸ್ಕ್‌ನಿಂದ 0.1 ಮಿಲಿಲೀಟರ್ ತೆಗೆದು 9.9 ಮಿಲಿಲೀಟರ್ ಹೊಸ ದ್ರವಕ್ಕೆ ಹಾಕುತ್ತಾರೆ. ನೂರು ಪಟ್ಟು ತೆಳುವಾದ ಸಂಖ್ಯೆ ಮತ್ತೆ ಮೊದಲಿನಷ್ಟಾಗಲು ದಿನಕ್ಕೆ ಸುಮಾರು 6.64 ತಲೆಮಾರು ಬೇಕು. ಆ ದರದಲ್ಲಿ ಮೂರು ವರ್ಷಕ್ಕೆ ಏಳು ಸಾವಿರದ ಮುನ್ನೂರರ ಆಸುಪಾಸು, ಐದು ವರ್ಷಕ್ಕೆ ಹನ್ನೆರಡು ಸಾವಿರ ತಲೆಮಾರು. ಅಂದರೆ ಹತ್ತು ಸಾವಿರ ಎಂಬುದು ಉದಾರವಾದ ಐದು ವರ್ಷದ ಅನುದಾನದೊಳಗೆ ಅಚ್ಚುಕಟ್ಟಾಗಿ ಮುಗಿಯುವ ಕೆಲಸ.

1994ರಲ್ಲಿ ಲೆನ್ಸ್ಕಿ ಮತ್ತು ಮೈಕಲ್ ಟ್ರವಿಸಾನೊ ಹತ್ತು ಸಾವಿರ ತಲೆಮಾರುಗಳ ಫಲಿತಾಂಶ ಪ್ರಕಟಿಸಿದರು. ಫ್ರೀಜರಿನಲ್ಲಿಟ್ಟ ಪೂರ್ವಜರನ್ನು ಎಬ್ಬಿಸಿ ಅವರ ಎದುರು ವಂಶಜರನ್ನು ಪೈಪೋಟಿಗೆ ಬಿಟ್ಟು ಫಿಟ್‌ನೆಸ್, ಅಂದರೆ ಪೂರ್ವಜರಿಗಿಂತ ಎಷ್ಟು ವೇಗವಾಗಿ ಬೆಳೆಯುತ್ತವೆ ಎಂಬುದನ್ನು, ಅಳೆದಿದ್ದರು. ಮೊದಲ ಎರಡು ಸಾವಿರ ತಲೆಮಾರುಗಳಲ್ಲಿ ಫಿಟ್‌ನೆಸ್ ಸರಸರನೆ ಏರಿತ್ತು. ಕೊನೆಯ ಐದು ಸಾವಿರದಲ್ಲಿ ಹೆಚ್ಚುಕಡಿಮೆ ನಿಂತೇಹೋಗಿತ್ತು. ನಕ್ಷೆಯಲ್ಲಿ ಆ ಗೆರೆ ಮೇಲೇರಿ ಚಪ್ಪಟೆಯಾಗುವ ಹೈಪರ್ಬೋಲಾಕ್ಕೆ ಒಪ್ಪುವಂತಿತ್ತು. ಹೈಪರ್ಬೋಲಾಕ್ಕೆ ಒಂದು ಮೇಲ್ಮಿತಿ ಇರುತ್ತದೆ. ಬದಲಾಗದ ಪರಿಸರದಲ್ಲಿ ಜೀವಿ ಬೇಗ ಹೊಂದಿಕೊಂಡು ಆಮೇಲೆ ತಟಸ್ಥವಾಗುತ್ತದೆ ಎಂಬ ಚಿತ್ರ ಅದು. ಇಂಥ ವರದಿ ಅಂದು ನಮ್ಮ ಯಾವುದಾದರೂ ಪರಾಮರ್ಶೆ ಸಮಿತಿಯ ಮುಂದೆ ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸಲು ಕಷ್ಟವಿಲ್ಲ. ಉದ್ದೇಶ ಈಡೇರಿದೆ, ಫಲಿತಾಂಶ ಸ್ಥಿರವಾಗಿದೆ, ಯೋಜನೆ ಮುಕ್ತಾಯ, ಬಳಕೆ ಪ್ರಮಾಣಪತ್ರ ಸಲ್ಲಿಸತಕ್ಕದ್ದು.

2013ರಲ್ಲಿ ಮೈಕಲ್ ವೈಸರ್, ನೋವಾ ರಿಬೆಕ್ ಮತ್ತು ಲೆನ್ಸ್ಕಿ ಐವತ್ತು ಸಾವಿರ ತಲೆಮಾರುಗಳ ಮಾಪನವನ್ನು 'ಸೈನ್ಸ್' ಪತ್ರಿಕೆಯಲ್ಲಿ ಮುಂದಿಟ್ಟಾಗ ಚಿತ್ರವೇ ಬದಲಾಯಿತು. ಫಿಟ್‌ನೆಸ್ ನಿಂತಿರಲಿಲ್ಲ, ಏರಿಕೆ ನಿಧಾನವಾಗಿತ್ತು ಅಷ್ಟೆ. ಮಾಹಿತಿಗೆ ಹೈಪರ್ಬೋಲಾಕ್ಕಿಂತ ಪವರ್ ಲಾ ಸೂತ್ರವೇ ಚೆನ್ನಾಗಿ ಒಪ್ಪುತ್ತಿತ್ತು. ಪವರ್ ಲಾಗೆ ಮೇಲ್ಮಿತಿ ಇಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಮೊದಲ 20,000 ತಲೆಮಾರುಗಳ ಮಾಹಿತಿಯನ್ನಷ್ಟೇ ಈ ಸೂತ್ರಕ್ಕೆ ಕೊಟ್ಟರೂ ಮುಂದಿನ ಏರಿಕೆಯನ್ನು ಅದು ಸರಿಯಾಗಿಯೇ ಊಹಿಸುತ್ತಿತ್ತು. ಇಪ್ಪತ್ತು ಸಾವಿರ ಎಂದರೆ ಎಡೆಬಿಡದೆ ನಡೆಸಿದರೆ ಎಂಟೂಕಾಲು ವರ್ಷ. ಆದರೆ ಆ ಊಹೆ ನಿಜವೆಂದು ಖಾತ್ರಿಯಾಗಲು ಐವತ್ತು ಸಾವಿರ ಬೇಕಾಯಿತು. ಅದು ಮುಟ್ಟಿದ್ದು 2010ರಲ್ಲಿ, ಆರಂಭದಿಂದ 22 ವರ್ಷಕ್ಕೆ.

1994ರ ಅಳತೆಯಲ್ಲಿ ದೋಷವಿರಲಿಲ್ಲ, ವಿಜ್ಞಾನಿಗಳ ಜಾಣ್ಮೆಗೂ ಕೊರತೆ ಇರಲಿಲ್ಲ. ಕಾಲ ಸಾಲದಾಗಿತ್ತು. ಕಡಿಮೆ ಅವಧಿಗೆ ಕಡಿಮೆ ಜ್ಞಾನ ಎಂಬ ಲೆಕ್ಕವನ್ನು ಎಲ್ಲರೂ ಒಪ್ಪುತ್ತಾರೆ. ಕಡಿಮೆ ಅವಧಿ ಖಚಿತವಾಗಿ ಕಾಣುವ ತಪ್ಪು ಜ್ಞಾನವನ್ನೇ ಕೈಗಿಡಬಲ್ಲದು ಎಂಬುದು ಯಾವ ನೀತಿ ಟಿಪ್ಪಣಿಯಲ್ಲೂ ನನಗೆ ಕಂಡಿಲ್ಲ.

  

ದೀರ್ಘ ಅವಧಿಯ ಇನ್ನೊಂದು ಲಾಭ ಜೀನೋಮ್ ವಿಚಾರದಲ್ಲಿದೆ. 1988ರಲ್ಲಿ ಜಗತ್ತಿನಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾದ ಜೀನೋಮ್ ಕೂಡ ಪೂರ್ತಿ ಓದಿರಲಿಲ್ಲ. ಹೀಮೊಫಿಲಸ್ ಇನ್‌ಫ್ಲುಯೆಂಜೆಯ ಜೀನೋಮ್ ಬಂದದ್ದು 1995ರಲ್ಲಿ, ಇ. ಕೋಲಿಯದು 1997ರಲ್ಲಿ. ಆದರೂ ಪ್ರತಿ ಐನೂರು ತಲೆಮಾರಿಗೊಮ್ಮೆ ಹನ್ನೆರಡೂ ಫ್ಲಾಸ್ಕ್‌ಗಳ ಮಾದರಿಗಳು ಫ್ರೀಜರ್ ಸೇರುತ್ತಲೇ ಇದ್ದವು. ಅಂದಿನ ಅನುದಾನದ ಭಾಷೆಯಲ್ಲಿ ಅವು ಬರೀ ದಾಸ್ತಾನು. ಡಿಎನ್ಎ ಓದುವುದು ಅಗ್ಗವಾದ ಮೇಲೆ ಆ ದಾಸ್ತಾನೇ ಚಿನ್ನವಾಯಿತು. 2009ರಲ್ಲಿ ನಲವತ್ತು ಸಾವಿರ ತಲೆಮಾರುಗಳ ಜೀನೋಮ್ ಬದಲಾವಣೆಯ ಮೊದಲ ಚಿತ್ರ. 2016ರಲ್ಲಿ 264 ಜೀನೋಮ್‌ಗಳು. 2017ರಲ್ಲಿ ಅರವತ್ತು ಸಾವಿರ ತಲೆಮಾರುಗಳ ಉದ್ದಕ್ಕೂ ರೂಪಾಂತರಗಳು ಹುಟ್ಟಿ, ಹಬ್ಬಿ, ಅಳಿದ ಇತಿಹಾಸ. ಹನ್ನೆರಡರಲ್ಲಿ ಆರು ವಂಶಗಳಲ್ಲಿ ರೂಪಾಂತರದ ವೇಗವೇ ಹಲವು ಪಟ್ಟು ಹೆಚ್ಚಿತ್ತೆಂಬುದನ್ನೂ ಆ ಮಾದರಿಗಳಲ್ಲೇ ಓದಬಹುದು. ಜಕರಿ ಬ್ಲೌಂಟ್ ಹಳೆಯ ಮಾದರಿಗಳನ್ನು ಎಬ್ಬಿಸಿ ಇತಿಹಾಸವನ್ನು ಮತ್ತೆ ಮತ್ತೆ ಓಡಿಸಿದ್ದರಿಂದಲೇ ಸಿಟ್ರೇಟ್ ಗುಣಕ್ಕೆ ಪೂರ್ವಸಿದ್ಧತೆಯ ರೂಪಾಂತರಗಳು ಬೇಕಿದ್ದವೆಂದು ತಿಳಿದದ್ದು. ಲೆನ್ಸ್ಕಿ ಶಿಷ್ಯ ಜೆಫ್ರಿ ಬ್ಯಾರಿಕ್ ಈ ಓದಿಗಾಗಿ ರೂಪಿಸಿದ 'ಬ್ರೆಸೆಕ್' ತಂತ್ರಾಂಶವನ್ನು ಈಗ ಲೋಕದ ಎಷ್ಟೋ ಸೂಕ್ಷ್ಮಾಣು ಪ್ರಯೋಗಾಲಯಗಳು ಬಳಸುತ್ತಿವೆ. 2022ರಲ್ಲಿ ಪ್ರಯೋಗವೇ ಬ್ಯಾರಿಕ್ ಅವರ ಪ್ರಯೋಗಾಲಯಕ್ಕೆ, ಟೆಕ್ಸಸ್‌ನ ಆಸ್ಟಿನ್‌ಗೆ ಹೋಯಿತು. ಗುರು ಹಿಂದೆ ಸರಿದರು, ಫ್ಲಾಸ್ಕ್‌ಗಳು ನಿಲ್ಲಲಿಲ್ಲ. ನಮ್ಮಲ್ಲಿ ಪ್ರಾಧ್ಯಾಪಕರು ನಿವೃತ್ತರಾದ ವಾರಕ್ಕೆ ಫ್ರೀಜರನ್ನು ಯಾರಿಗೆ ವಹಿಸಬೇಕೆಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ.

ಇದು ಅಮೆರಿಕದ ಐಷಾರಾಮ, ನಮಗೇಕೆ ಎನ್ನುವವರು ಬೆಂಗಳೂರಿನ ಜಕ್ಕೂರಿನ ಕಡೆ ನೋಡಲಿ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಅವರ ಪ್ರಯೋಗಾಲಯ ಹಣ್ಣಿನ ನೊಣಗಳ ವಂಶಗಳನ್ನು ನೂರಾರು ತಲೆಮಾರು ಸಾಕಿದೆ. ಬೇಗ ಬೆಳೆದು ಬೇಗ ಮೊಟ್ಟೆಯಿಡುವಂತೆ ಆಯ್ದ ವಂಶಗಳಿವೆ, ಕಿಕ್ಕಿರಿದ ಸೀಸೆಯಲ್ಲಿ ಬದುಕುವಂತೆ ಆಯ್ದವೂ ಇವೆ. ನೊಣದ ಲೆಕ್ಕ ಬ್ಯಾಕ್ಟೀರಿಯಾಕ್ಕಿಂತ ಕಠಿಣ: 21 ದಿನದ ಆವರ್ತದಲ್ಲಿ ಮೂರು ವರ್ಷಕ್ಕೆ ಸಿಗುವುದು 52 ತಲೆಮಾರು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಲೆನ್ಸ್ಕಿ ಎಲ್ಲವನ್ನೂ ಫ್ರೀಜರಿಗಿಟ್ಟು ಮನೆಗೆ ಹೋಗಬಹುದಿತ್ತು, ಹಾಗೆಯೇ ಮಾಡಿದರು. ನೊಣ ಸಾಕುವವರಿಗೆ ರೂಢಿಯಲ್ಲಿ ಆ ಅನುಕೂಲವಿಲ್ಲ. ಒಂದು ಆವರ್ತ ತಪ್ಪಿದರೆ ವಂಶವೇ ಹೋಯಿತು. ಮತ್ತೆ ಮೊದಲಿನಿಂದ ಎಂದರೆ ದಶಕಗಳ ಮಾತು. ಮುಂದಿನ ಅನುದಾನದ ಆದೇಶ ಎಂಟು ತಿಂಗಳು ತಡವಾಗುವುದು ನೊಣಕ್ಕೆ ಗೊತ್ತಾಗುವುದಿಲ್ಲ.

ಆರ್‌ಡಿಐ ನಿಧಿ ಇದಕ್ಕೆ ಪರಿಹಾರವಲ್ಲ, ಪರಿಹಾರವೆಂದು ಅದು ಹೇಳಿಕೊಂಡೂ ಇಲ್ಲ. ತಂತ್ರಜ್ಞಾನ ಸಿದ್ಧತೆಯ ನಾಲ್ಕನೇ ಹಂತ ಮುಟ್ಟಿದ ಖಾಸಗಿ ವಲಯದ ಯೋಜನೆಗಳಿಗೆ ಕೊಡುವ ದೀರ್ಘಾವಧಿಯ ಅಗ್ಗದ ಸಾಲ ಮತ್ತು ಬಂಡವಾಳ ಅದು. ಬೇಕಾದದ್ದೇ. ಆದರೆ ದೀರ್ಘಾವಧಿಯ ಹಣ ಎಂಬ ಕಲ್ಪನೆ ಸರ್ಕಾರಕ್ಕೆ ಅರ್ಥವಾಗುವುದಿಲ್ಲ ಎಂಬ ನೆಪಕ್ಕೆ ಇದರಿಂದ ತೆರೆಬಿತ್ತು. ಕಂಪನಿಗೆ ಕೊಡುವ ಸಾಲಕ್ಕೆ ವರ್ಷಾನುಗಟ್ಟಲೆ ಕಾಯಬಲ್ಲ ಖಜಾನೆ ಪ್ರಯೋಗಾಲಯದ ಅನುದಾನಕ್ಕೆ ಮಾತ್ರ ಮೂರು ವರ್ಷದ ಗೆರೆ ಎಳೆಯುವುದೇಕೆ?

ಎಲ್ಲರೂ ನಲವತ್ತು ವರ್ಷ ಕೇಳಿದರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದು ಗಟ್ಟಿ ಆಕ್ಷೇಪ, ಲೆನ್ಸ್ಕಿ ಕೂಡ ಶುರುಮಾಡಿದ್ದು ಎರಡು ಸಾವಿರ ತಲೆಮಾರಿನ ಗುರಿಯಿಂದ. ಯಾವುದು ಬೆಳೆಸಲು ಯೋಗ್ಯ ಎಂದು ಮೊದಲ ದಿನ ಯಾರಿಗೂ ತಿಳಿಯದು. ಅದಕ್ಕೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) ದೀರ್ಘಾವಧಿಯ ಸಂಶೋಧನೆಗೆ ಎಲ್‌ಟಿಆರ್‌ಇಬಿ ಎಂಬ ಪ್ರತ್ಯೇಕ ಬಾಗಿಲು ಇಟ್ಟಿತು, ಲೆನ್ಸ್ಕಿ ಪ್ರಯೋಗಕ್ಕೆ ಹಣ ಹರಿದದ್ದು ಅಲ್ಲಿಂದಲೂ. ಹಲವು ವರ್ಷಗಳ ಮಾಹಿತಿ ಆಗಲೇ ಕೈಯಲ್ಲಿರುವವರಿಗೆ ಮಾತ್ರ ಅಲ್ಲಿ ಪ್ರವೇಶ. ಅರ್ಜಿಯಲ್ಲಿ ಹತ್ತು ವರ್ಷದ ಯೋಜನೆ ಇರಬೇಕು. ಹಣ ಐದು ವರ್ಷಕ್ಕೆ ಸಿಗುತ್ತದೆ, ಉಳಿದ ಐದಕ್ಕೆ ನವೀಕರಣ. ಮಾಹಿತಿಯ ಸರಪಳಿ ಉಳಿದಿದೆಯೇ, ಉಳಿದದ್ದರಿಂದ ಯಾವ ಹೊಸ ಪ್ರಶ್ನೆ ಸಾಧ್ಯವಾಯಿತು ಎಂಬುದು ಅಲ್ಲಿ ಮುಖ್ಯ. ಅಲ್ಲೂ ಎಲ್ಲ ಸರಿಯಿಲ್ಲ. 2026ರ ಹಣಕಾಸು ವರ್ಷಕ್ಕೆ ಎನ್‌ಎಸ್‌ಎಫ್‌ನ ಸುಮಾರು 900 ಕೋಟಿ ಡಾಲರ್ ಬಜೆಟ್ಟನ್ನು 390 ಕೋಟಿಗೆ ಇಳಿಸಬೇಕೆಂದು ಶ್ವೇತಭವನವೇ ಪ್ರಸ್ತಾಪಿಸಿತ್ತು. ಅವರ ಈಗಿನ ಕೆಡುಕನ್ನು ಬಿಟ್ಟು ಹಳೆಯ ನಿಯಮವನ್ನು ತೆಗೆದುಕೊಳ್ಳಲು ನಮಗೇನೂ ಅಡ್ಡಿಯಿಲ್ಲ.

ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂದದ್ದು 2023ರಲ್ಲಿ. ನಿಯಮಗಳು ಇನ್ನೂ ಹಸಿಯಾಗಿವೆ. ಈ ಬಗೆಯದೊಂದು ಬಾಗಿಲನ್ನು ಅಲ್ಲಿ ಇಡಲು ಹೊಸ ಕಾಯ್ದೆ ಬೇಡ. ದೊಡ್ಡ ಮೊತ್ತವೂ ಬೇಡ: ಹನ್ನೆರಡು ಫ್ಲಾಸ್ಕ್, ಗ್ಲೂಕೋಸ್, ಒಂದು ಇನ್‌ಕ್ಯುಬೇಟರ್, ಕರೆಂಟು ಹೋಗದ ಒಂದು ಫ್ರೀಜರ್, ದಿನವೂ ಬಂದು ಹನಿ ಹಾಕುವ ಒಬ್ಬರ ಸಂಬಳ. ಪ್ರತಿಷ್ಠಾನದ ಮುಂದಿನ ಅನುದಾನ ಪ್ರಕಟಣೆಯಲ್ಲಿ 'ಅವಧಿ' ಎಂಬ ಕಲಮಿನೆದುರು ಏನು ಬರೆದಿದೆ ಎಂದು ನೋಡೋಣ.