44 ಕೋಟಿಯ ಪಿಸ್ತೂಲು, ಗುರುತಿಲ್ಲದ ಸಮಾಧಿ



ಮೊನ್ನೆ ಊಟದ ಹೊತ್ತಲ್ಲಿ ನಮ್ಮ ಸೆಕ್ಷನ್ನಿನವರೊಬ್ಬರು ಮೊಬೈಲ್ ಮುಂದಿಟ್ಟು, "ನೋಡ್ರೀ ಸಾರ್, ಒಂದು ಹಳೇ ಪಿಸ್ತೂಲಿಗೆ 44 ಕೋಟಿಯಂತೆ! ಇತಿಹಾಸಕ್ಕೆ ಎಂಥಾ ಬೆಲೆ ಕೊಡ್ತಾರೆ ನೋಡಿ ಅವರು" ಅಂದ್ರು. ಸುದ್ದಿ ಹಳೇದು. 2021ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಬಾನ್‌ಹ್ಯಾಮ್ಸ್ ಎಂಬ ಹರಾಜು ಸಂಸ್ಥೆ ಮಾರಿದ ಕೋಲ್ಟ್ ರಿವಾಲ್ವರ್ ಅದು. 60 ಲಕ್ಷ ಡಾಲರ್ ದಾಟಿತು. ಅಲ್ಲಿಯತನಕ ಹರಾಜಿನಲ್ಲಿ ಯಾವ ಬಂದೂಕಿಗೂ ಅಷ್ಟು ಬೆಲೆ ಬಂದಿರಲಿಲ್ಲ. 1881ರ ಜುಲೈ 14ರ ರಾತ್ರಿ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ, ಶೆರಿಫ್ ಪ್ಯಾಟ್ ಗ್ಯಾರೆಟ್ ಎಂಬ ಕಾನೂನು ಅಧಿಕಾರಿ ಬಿಲ್ಲಿ ದಿ ಕಿಡ್‌ನನ್ನು ಕತ್ತಲ ಕೋಣೆಯಲ್ಲಿ ಕೊಂದದ್ದು ಇದರಿಂದಲೇ.

"ಇತಿಹಾಸಕ್ಕೆ ಬೆಲೆ" ಅಂದ್ರಲ್ಲ, ನನಗೆ ಅದೇ ಚುಚ್ಚಿತು. ಯಾರ ಇತಿಹಾಸಕ್ಕೆ?

ಆ ಮಾಡೆಲ್ಲಿನ ಕೋಲ್ಟ್‌ಗಳು ಲಕ್ಷಗಟ್ಟಲೆ ತಯಾರಾಗಿವೆ. ಇದೊಂದಕ್ಕೇ ಯಾಕೆ ಕೋಟಿ? ಕಾಗದ ಪತ್ರ ಇದೆ, ಅದಕ್ಕೆ. ಗ್ಯಾರೆಟ್ ಇದನ್ನು ಬಿಲ್ಲಿಯ ಜೊತೆಗಾರನೊಬ್ಬನಿಂದ ಕಿತ್ತುಕೊಂಡದ್ದು ಗೊತ್ತಿದೆ. ಆಮೇಲೆ ಎಲ್ ಪಾಸೋದ ಹೆಂಡದಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟದ್ದು ಗೊತ್ತಿದೆ. ಗ್ಯಾರೆಟ್ ಸತ್ತ ಮೇಲೆ ಅವನ ಹೆಂಡತಿ ಕೋರ್ಟಿಗೆ ಹೋಗಿ ವಾಪಸ್ ಪಡೆದದ್ದಕ್ಕೆ ತೀರ್ಪೇ ಇದೆ. ಹರಾಜಿನಲ್ಲಿ ಮಾರಿದ್ದು ಕಬ್ಬಿಣವನ್ನಲ್ಲ, ಕಡತವನ್ನು.

ಕಡತದ ಬೆಲೆ ಗುಮಾಸ್ತನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ನಮ್ಮಜ್ಜನ ಕಾಲದಿಂದ ಉಳ್ತಾ ಇದೀವಿ ಸ್ವಾಮಿ" ಅಂತ ಬಂದವನನ್ನು "ಪಹಣಿಯಲ್ಲಿ ಹೆಸರಿದೆಯಾ? ಇಲ್ವಾ? ಹಾಗಾದ್ರೆ ಹೋಗು" ಅಂತ ಕಳಿಸೋದನ್ನು ಎಷ್ಟು ಸಲ ನೋಡಿಲ್ಲ ನಾನು! ದಾಖಲೆ ಇದ್ದರೆ ತುಕ್ಕು ಹಿಡಿದ ಕಬ್ಬಿಣಕ್ಕೂ ಬೆಲೆ. ದಾಖಲೆ ಇಲ್ಲದಿದ್ದರೆ ಬೆವರು ಸುರಿಸಿದ ಮನುಷ್ಯನಿಗೂ ಬೆಲೆಯಿಲ್ಲ.

ಅದೇ ಕಾಲದ, ಅದೇ ಕೆಲಸದ ಇನ್ನೊಬ್ಬನ ಕತೆ ಕೇಳಿ. ಬ್ಯಾಸ್ ರೀವ್ಸ್. 1838ರಲ್ಲಿ ಅರ್ಕಾನ್ಸಾದಲ್ಲಿ ಗುಲಾಮನಾಗಿ ಹುಟ್ಟಿದವನು. ಅಂತರ್ಯುದ್ಧದ ಹೊತ್ತಲ್ಲಿ ತಪ್ಪಿಸಿಕೊಂಡು ಇಂಡಿಯನ್ ಟೆರಿಟರಿಗೆ ಓಡಿಹೋಗಿ, ಅಲ್ಲಿನ ಮೂಲನಿವಾಸಿಗಳ ನಡುವೆ ಬದುಕಿ, ಅವರ ಭಾಷೆಗಳನ್ನು ಕಲಿತ. 1875ರಲ್ಲಿ ಫೋರ್ಟ್ ಸ್ಮಿತ್ ಫೆಡರಲ್ ಕೋರ್ಟಿನ ಕೈಕೆಳಗೆ ಡೆಪ್ಯುಟಿ ಮಾರ್ಷಲ್ ಆದ. 32 ವರ್ಷ ಸೇವೆ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದ ಅಂತಾರೆ. ಓದು ಬರ್ತಿರಲಿಲ್ಲ. ಗುಲಾಮನಿಗೆ ಅಕ್ಷರ ಕಲಿಸೋರು ಯಾರು? ವಾರಂಟನ್ನು ಬೇರೆಯವರಿಂದ ಓದಿಸಿ ಬಾಯಿಪಾಠ ಮಾಡಿಕೊಳ್ತಿದ್ದ. ಹೆಂಡತಿಯನ್ನು ಕೊಂದ ಸ್ವಂತ ಮಗನನ್ನೇ ಹಿಡಿದು ತಂದ.

1907ರಲ್ಲಿ ಆ ಪ್ರದೇಶ ಓಕ್ಲಹೋಮಾ ರಾಜ್ಯವಾಯಿತು. ಹೊಸ ಶಾಸನಸಭೆ ಮಾಡಿದ ಮೊಟ್ಟಮೊದಲ ಕಾನೂನು ಯಾವುದು ಗೊತ್ತಾ? ರೈಲಿನಲ್ಲೂ ಸ್ಟೇಷನ್ನಿನಲ್ಲೂ ಕಪ್ಪು ಜನ ಬೇರೆ ಕೂರಬೇಕು ಅನ್ನೋದು. ಮೂರು ದಶಕ ಆ ನೆಲದ ಕಾನೂನು ಕಾಯ್ದವನು ಅದೇ ಕಾನೂನಿನ ಕಣ್ಣಲ್ಲಿ ಅಸ್ಪೃಶ್ಯ! ರೀವ್ಸ್ ಕೊನೆಗೆ ಮಸ್ಕೋಗಿ ಊರಿನ ಮಾಮೂಲಿ ಪೊಲೀಸಾಗಿ ದುಡಿದು 1910ರಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಜಾಗ ನಿಖರವಾಗಿ ಯಾವುದು ಅಂತ ಇವತ್ತಿಗೂ ಗುರುತಿಲ್ಲ. ಫೋರ್ಟ್ ಸ್ಮಿತ್‌ನಲ್ಲಿ ಅವನ ಪ್ರತಿಮೆ ನಿಂತದ್ದು 2012ರಲ್ಲಿ, ಅಂದ್ರೆ ಸತ್ತು ನೂರು ವರ್ಷ ದಾಟಿದ ಮೇಲೆ.

ಇಲ್ಲಿ ಇನ್ನೊಂದು ಮಾತು. ಕಪ್ಪು ಜನರ ಕೈಲಿ ಆಯುಧ ಇರೋದನ್ನೇ ಆ ದೇಶ ಸಹಿಸಿರಲಿಲ್ಲ. ಗುಲಾಮಗಿರಿ ರದ್ದಾದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ, ಬಿಡುಗಡೆಯಾದವರು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದು ಅಂತ ಕಾನೂನು ಮಾಡಿತು. ಒಬ್ಬನ ಕೈಲಿದ್ದರೆ ಪರಂಪರೆ, ಇನ್ನೊಬ್ಬನ ಕೈಲಿದ್ದರೆ ಅಪರಾಧ.

ಇದೆಲ್ಲ ಹಳೇ ಕಾಲದ್ದು ಅಂತೀರಾ? 2012ರಲ್ಲಿ ಫ್ಲಾರಿಡಾದಲ್ಲಿ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಕಪ್ಪು ಹುಡುಗನನ್ನು, ಕೈಯಲ್ಲಿ ಆಯುಧವಿಲ್ಲದವನನ್ನು, ಬಡಾವಣೆ ಕಾವಲಿನ ಸ್ವಯಂಸೇವಕ ಜಾರ್ಜ್ ಝಿಮ್ಮರ್‌ಮನ್ ಗುಂಡಿಟ್ಟು ಕೊಂದ. ಆತ್ಮರಕ್ಷಣೆ ಅಂತ ಖುಲಾಸೆಯಾದ. 2016ರಲ್ಲಿ ಅದೇ ಪಿಸ್ತೂಲನ್ನು "ಅಮೆರಿಕದ ಇತಿಹಾಸದ ತುಣುಕು" ಅಂತ ಹರಾಜಿಗಿಟ್ಟ. ಅವನು ಪೊಲೀಸೂ ಅಲ್ಲ. ಆದ್ರೂ ಕಾವಲುಗಾರನ ವೇಷ ಸಾಕಾಯ್ತು. ಸತ್ತ ಹುಡುಗನ ತಾಯಿಯ ಸಂಕಟ ಯಾವ ಹರಾಜಿನ ಪಟ್ಟಿಯಲ್ಲಿ ಬರುತ್ತೆ ಹೇಳಿ?

ನಮ್ಮವರೇ ಕೆಲವರು ಕೇಳ್ತಾರೆ: "ರೀವ್ಸ್ ಕೂಡ ಸರ್ಕಾರದ ಪೊಲೀಸೇ ಅಲ್ವಾ? ಮೂಲನಿವಾಸಿಗಳ ನೆಲದಲ್ಲಿ ಬಿಳಿಯರ ಕೋರ್ಟಿನ ಆಳು. ಅವನನ್ನು ಹೊಗಳೋದ್ಯಾಕೆ?" ಪ್ರಶ್ನೆ ಸರಿ. ನಾನು ಅವನನ್ನು ದೇವರು ಮಾಡ್ತಿಲ್ಲ. ತನ್ನದೇ ತಂಡದ ಅಡುಗೆಯವನನ್ನು ಕೊಂದ ಆರೋಪದ ಮೇಲೆ ಅವನೂ 1887ರಲ್ಲಿ ಕಟಕಟೆ ಹತ್ತಿ, ಖುಲಾಸೆಯಾದವನೇ. ಆದರೆ ಒಬ್ಬನನ್ನು ಟೀಕಿಸಬೇಕಾದರೂ ಅವನ ದಾಖಲೆ ಉಳಿದಿರಬೇಕು. ಮರೆತುಹೋದವನನ್ನು ಹೊಗಳೋಕೂ ಆಗಲ್ಲ, ಬೈಯೋಕೂ ಆಗಲ್ಲ.

ರೀವ್ಸ್ ಮರಳಿ ಸಿಕ್ಕಿದ್ದು ಹೇಗೆ? ಆರ್ಟ್ ಬರ್ಟನ್ ಎಂಬ ಕಪ್ಪು ಇತಿಹಾಸಕಾರ ಹಳೇ ಕೋರ್ಟ್ ಕಡತಗಳನ್ನು ಕೆದಕಿ 2006ರಲ್ಲಿ ಪುಸ್ತಕ ಬರೆದರು. ಅಕ್ಷರ ಬಾರದವನ ಮಾತನ್ನು ಯಾರೋ ಒಬ್ಬ ಕೋರ್ಟ್ ಗುಮಾಸ್ತ ಬರೆದಿಟ್ಟಿದ್ದ! ನನ್ನ ಕೆಲಸದ ಮೇಲೆ ನನಗೆ ಗೌರವ ಬಂದ ಅಪರೂಪದ ಗಳಿಗೆ ಅದು.

1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್‌ಗೆ ಕಾಗದ ಬರೆದರು. ನಿಮ್ಮವರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ ಕೇಳಿದರು. ಡು ಬಾಯ್ಸ್ ಅದನ್ನು ಎಸೆಯಲಿಲ್ಲ. ಅವರ ಪತ್ರಗಳ ಸಂಗ್ರಹದಲ್ಲಿ ಇವತ್ತಿಗೂ ಇದೆ. ಅದು ಉಳಿದದ್ದರಿಂದಲೇ ಎರಡು ಹೋರಾಟಗಳ ನೆಂಟಸ್ತಿಕೆಗೆ ನಮ್ಮ ಕೈಲಿ ಸಾಕ್ಷಿ ಇದೆ.

ನಮ್ಮ ವಸ್ತುಗಳೂ ಕೋಟಿಗೆ ಹರಾಜಾಗಲಿ ಅಂತ ನಾನು ಕೇಳ್ತಿಲ್ಲ. ಹರಾಜಿನವರ ತಕ್ಕಡಿ ನಮಗೆ ಬೇಡ. ಆದರೆ ನಿಮ್ಮ ಮನೆ ಟ್ರಂಕಿನಲ್ಲಿರೋ ಎಪ್ಪತ್ತರ ದಶಕದ ಕರಪತ್ರ, ಧರಣಿಯ ಫೋಟೋ, ಎಫ್‌ಐಆರ್ ಪ್ರತಿ, ಅಪ್ಪನ ಜೀತ ಬಿಡಿಸಿದ ಕಾಗದ, ಇವನ್ನೆಲ್ಲ ರದ್ದಿಗೆ ಹಾಕಬೇಡಿ. ಈ ಭಾನುವಾರ ಟ್ರಂಕ್ ತೆಗೀರಿ. ಫೋಟೋ ಹಿಂದೆ ಊರು, ಇಸವಿ, ನಿಂತವರ ಹೆಸರು ಬರೀರಿ. ಮೊಬೈಲಲ್ಲಿ ಒಂದು ಪ್ರತಿ ತೆಗೆದು ಮಕ್ಕಳಿಗೂ ಕಳಿಸಿಡಿ.

ಕೊಂದವರ ಪಿಸ್ತೂಲು ಕಾಯೋಕೆ ಸಾವಿರ ಜನ ಇದಾರೆ. ನಮ್ಮವರ ಹೆಸರು ಕಾಯೋಕೆ ನಾವೇ ಇರೋದು.

ಜೈಭೀಮ್.